ನರಿ ಹತ್ತಿದರೆ ಬೀಳುವ ಗೋಡೆ

ಜೆರೂಸಲೇಮಿಗೆ ಬಂದ ಪ್ರವಾಸಿಯ ಕಣ್ಣನ್ನು ಮೊದಲು ಸೆಳೆಯುವುದು ಹಳೆಯ ಪಟ್ಟಣವನ್ನು ಬಳಸಿ ನಿಂತ ಕೋಟೆಯ ಗೋಡೆ. ಸುಮಾರು ೪ ಕಿಲೋಮೀಟರು ಉದ್ದ, ಸರಾಸರಿ ೧೨ ಮೀಟರು ಎತ್ತರವಿರುವ ಈ ಸುಣ್ಣಕಲ್ಲಿನ ಗೋಡೆಯ ಮೇಲೆ ಸಂಜೆಯ ಬಿಸಿಲು ಬಿದ್ದಾಗ ಅದು ಹೊನ್ನಿನ ಬಣ್ಣ ತಾಳುತ್ತದೆ. ಬೈಬಲಿನ ಕಥೆಗಳನ್ನು ಕೇಳಿಕೊಂಡು ಬಂದವರು ಇದನ್ನೇ ದಾವೀದ ಸೊಲೊಮೋನರ ಕಾಲದ ಗೋಡೆಯೆಂದು ಭಾವಿಸುವುದುಂಟು. ಆದರೆ ಇದು ತುರ್ಕಿಯ ಸುಲ್ತಾನ ಸುಲೇಮಾನನು ೧೫೩೭ರಿಂದ ೧೫೪೧ರವರೆಗೆ ಕಟ್ಟಿಸಿದುದು. ಅದಕ್ಕಿಂತ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ನೆರೆಹೊರೆಯವರ ಅಪಹಾಸ್ಯಕ್ಕೆ ಗುರಿಯಾಗಿ, ೫೨ ದಿನಗಳಲ್ಲಿ ಎದ್ದು ನಿಂತ ಇನ್ನೊಂದು ಗೋಡೆಯ ನೆಲೆಯನ್ನು ಕಾಣಬೇಕಾದರೆ ಈ ಕೋಟೆಯಿಂದ ಹೊರಕ್ಕೆ ಬರಬೇಕು.

ದಕ್ಷಿಣದಲ್ಲಿ ತಿಪ್ಪೆಬಾಗಿಲೆಂಬ ಚಿಕ್ಕ ಬಾಗಿಲೊಂದಿದೆ. ಪುರಾತನ ಕಾಲದ ತಿಪ್ಪೆಬಾಗಿಲು ಬೇರೆಡೆ ಇದ್ದಿತು. ಹೆಸರು ಮಾತ್ರ ಉಳಿದು ಇಲ್ಲಿಗೆ ಬಂದಿದೆ. ಈ ಬಾಗಿಲನ್ನು ದಾಟಿದರೆ ಎದುರಿಗೆ ದಕ್ಷಿಣಕ್ಕೆ ಇಳಿಯುತ್ತ ಹೋಗುವ ಕಿರಿದಾದ ದಿಣ್ಣೆ. ಎಲ್ಲಕ್ಕಿಂತ ಹಳೆಯ ಜೆರೂಸಲೇಮ್ ಇದ್ದುದು ಇದರ ಮೇಲೆ. ಪೂರ್ವದಲ್ಲಿ ಕಿದ್ರೋನ್ ಕಣಿವೆ ಆಳವಾಗಿ ಇಳಿದಿದೆ. ಅದರಾಚೆಯ ಇಳಿಜಾರಿನಲ್ಲಿ ಸಿಲ್ವಾನ್ ಊರಿನ ಮನೆಗಳು ಒಂದರ ಮೇಲೊಂದು ಕುಳಿತಂತೆ ತೋರುತ್ತವೆ. ಕಣಿವೆಯ ಬದಿಯ ಗೀಹೋನ್ ಬುಗ್ಗೆಯ ನೀರು ಬಂಡೆಯೊಳಗೆ ಕೊರೆದ ೫೩೩ ಮೀಟರು ಉದ್ದದ ಸುರಂಗದಲ್ಲಿ ಹರಿದು ಸಿಲೋವಾ ಕೊಳವನ್ನು ಸೇರುತ್ತದೆ. ೧೯೬೭ರ ಯುದ್ಧದಲ್ಲಿ ಇಸ್ರೇಲಿನ ವಶಕ್ಕೆ ಬಂದ ಈ ನೆಲ ಯಾರದೆಂಬ ವ್ಯಾಜ್ಯ ಇನ್ನೂ ತೀರಿಲ್ಲ. ಕಲ್ಲಿಗಾಗಿ ಮನುಷ್ಯರು ಕಣ್ಣೀರಿಟ್ಟ ಸ್ಥಳಗಳಲ್ಲಿ ಇದೂ ಒಂದು.

ಕ್ರಿ. ಪೂ. ೫೮೬ರ ಸುಮಾರಿಗೆ ಬಾಬಿಲೋನಿನ ದೊರೆ ನೆಬೂಕದ್ನೆಚ್ಚರನ ಸೈನ್ಯವು ಈ ಪಟ್ಟಣವನ್ನು ಸುಟ್ಟು, ಗೋಡೆಯನ್ನು ಕೆಡವಿ, ಜನರನ್ನು ಸೆರೆಯೊಯ್ದಿತು. ಮುಂದೆ ಪಾರಸಿಕ ದೊರೆಗಳ ಅಪ್ಪಣೆ ಪಡೆದು ಮರಳಿದವರು ದೇವಾಲಯವನ್ನೇನೋ ಮತ್ತೆ ಕಟ್ಟಿದರು. ಗೋಡೆ ಮಾತ್ರ ಬಿದ್ದೇ ಇತ್ತು. ಗೋಡೆಯಿಲ್ಲದ ಪಟ್ಟಣವೆಂದರೆ ಕದವಿಲ್ಲದ ಮನೆ. ಸುಮಾರು ನೂರನಾಲ್ವತ್ತು ವರ್ಷ ಕಳೆದ ಮೇಲೆ ಈ ಸುದ್ದಿ ದೂರದ ಶೂಷನ್ ನಗರದಲ್ಲಿ ಅರ್ತಷಸ್ತ ದೊರೆಯ ಪಾನದಾಯಕನಾಗಿದ್ದ ನೆಹೆಮೀಯನ ಕಿವಿಗೆ ಬಿದ್ದಿತು. ಅವನ ಹೆಸರಿನ ಗ್ರಂಥವು ಹೀಬ್ರೂ ಬೈಬಲಿನಲ್ಲಿದೆ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಅವನ ಸಂಗಡಿಗರು ಕೈಗೊಂಡ ಬೈಬಲಿನ ಅನುವಾದವು ೧೮೩೧ರಲ್ಲಿ ಪೂರ್ಣಗೊಂಡಂದಿನಿಂದ ಕನ್ನಡಿಗರಿಗೂ ಅದು ದೊರೆತಿದೆ.

ಸುದ್ದಿ ಕೇಳಿ ನೆಹೆಮೀಯನು ಅತ್ತನು, ಉಪವಾಸವಿದ್ದನು, ದೇವರನ್ನು ಬೇಡಿದನು. ನಾಲ್ಕು ತಿಂಗಳ ಮೇಲೆ, ಕ್ರಿ. ಪೂ. ೪೪೫ರಲ್ಲಿ, ದೊರೆಯೇ ಅವನ ಬಾಡಿದ ಮುಖವನ್ನು ಕಂಡು ಕಾರಣ ಕೇಳಿದಾಗ ಅವನ ಬಿನ್ನಹ ಸಿದ್ಧವಾಗಿತ್ತು. ದಾರಿಯ ಅಧಿಪತಿಗಳಿಗೆ ಪತ್ರ ಬೇಕು, ಬಾಗಿಲುಗಳ ತೊಲೆಗಳಿಗೆ ಅರಸನ ಅರಣ್ಯಪಾಲಕನಿಂದ ಮರ ಬೇಕು ಎಂದು ಒಂದೊಂದಾಗಿ ಕೇಳಿಕೊಂಡನು. ದೇವರ ಮೇಲೆ ಭಾರ ಹಾಕಿದವನು ಮರದ ಲೆಕ್ಕವನ್ನು ಮರೆತಿರಲಿಲ್ಲ.

ಜೆರೂಸಲೇಮನ್ನು ಸೇರಿ ಮೂರು ದಿನ ಅವನು ಯಾರಿಗೂ ಏನನ್ನೂ ಹೇಳಲಿಲ್ಲ. ಆಮೇಲೆ ಒಂದು ರಾತ್ರಿ ಕೆಲವೇ ಜನರೊಡನೆ, ತಾನು ಹತ್ತಿದ ಒಂದೇ ಪಶುವಿನೊಡನೆ ಹೊರಟು, ಹಾಳುಬಿದ್ದ ಗೋಡೆಯನ್ನು ಸುತ್ತಿ ನೋಡಿದನು. ಅರಸನ ಕೊಳದ ಬಳಿ ಬಿದ್ದ ಕಲ್ಲುರಾಶಿಯಲ್ಲಿ ಪಶುವಿಗೆ ಮುಂದೆ ಕಾಲಿಡಲು ಎಡೆಯಿರಲಿಲ್ಲ. ೧೯೬೧ರಿಂದ ೧೯೬೭ರವರೆಗೆ ಈ ಇಳಿಜಾರನ್ನು ಅಗೆದ ಕ್ಯಾಥ್ಲೀನ್ ಕೆನ್ಯನ್ ಎಂಬ ಆಂಗ್ಲ ವಿದುಷಿಗೆ ಮೇಲಿನ ಮೆಟ್ಟಿಲುಕಟ್ಟೆಗಳು ಜರಿದು ಉರುಳಿದ ಕಲ್ಲಿನ ಭಾರಿ ಕುಸಿತವೇ ಎದುರಾಯಿತು. ನೆಹೆಮೀಯನು ಕೆಳಗಿನ ಹಳೆಯ ಗೋಡೆಯ ಆಸೆಯನ್ನು ಬಿಟ್ಟು ದಿಣ್ಣೆಯ ನೆತ್ತಿಯ ಮೇಲೆಯೇ ಹೊಸ ಗೋಡೆಯನ್ನು ಹಾಯಿಸಿದನೆಂಬುದು ಆಕೆಯ ನಿರ್ಣಯ. ಇಂದಿಗೂ ಆ ಇಳಿಜಾರಿನ ಅಂಚಿನಲ್ಲಿ ನಿಂತು ಕೆಳಗೆ ನೋಡಿದವರಿಗೆ ಆ ರಾತ್ರಿಯ ಸವಾರಿಯ ಕಷ್ಟವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಕೆಲಸ ಪ್ರಾರಂಭವಾಯಿತು, ಗೇಲಿಯೂ ಪ್ರಾರಂಭವಾಯಿತು. ಉತ್ತರದ ಸಮಾರ್ಯದ ಸನ್ಬಲ್ಲಟನು ತನ್ನ ಪರಿವಾರದ ಎದುರಿಗೆ, ಈ ಕೈಲಾಗದ ಯೆಹೂದ್ಯರು ಸುಟ್ಟ ಕಸದ ರಾಶಿಯಿಂದ ಕಲ್ಲಿಗೆ ಜೀವ ತರುವರೇನು ಎಂದು ನಕ್ಕನು. ಪಕ್ಕದಲ್ಲಿದ್ದ ಅಮ್ಮೋನಿಯನಾದ ಟೋಬೀಯನು, ಇವರು ಕಟ್ಟುವ ಗೋಡೆಯ ಮೇಲೆ ನರಿಯೊಂದು ಹತ್ತಿದರೂ ಅದು ಉರುಳೀತೆಂದನು. ಈ ಹಾಸ್ಯ ಮನಸ್ಸಿಗೆ ನಾಟುವಂತಿದ್ದುದು ಅದರಲ್ಲಿ ಅರ್ಧ ಸತ್ಯವಿದ್ದುದರಿಂದ. ಸುಣ್ಣಕಲ್ಲು ಬೆಂಕಿಯಲ್ಲಿ ಬೆಂದರೆ ಪುಡಿಯಾಗುವುದೆಂದು ಸುಣ್ಣದ ಗೂಡು ಕಂಡವರೆಲ್ಲ ಬಲ್ಲರು. ಕಟ್ಟುತ್ತಿದ್ದವರಲ್ಲಿ ಅರ್ಚಕರು, ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು, ವರ್ತಕರು ಇದ್ದರು. ಹಲವರು ಗಾರೆಯನ್ನು ಕೈಯಲ್ಲಿ ಮುಟ್ಟಿದವರಲ್ಲ. ಆಡಿಕೊಳ್ಳುವವರ ಮುಂದೆ ಜಾರಿ ಬೀಳುವ ಭಯ ಅವರೆಲ್ಲರ ಎದೆಯಲ್ಲಿಯೂ ಇದ್ದಿತು.

ನೆಹೆಮೀಯನು ಈ ನಗೆಗೆ ಸನ್ಬಲ್ಲಟನ ಬಳಿ ಉತ್ತರ ಹೇಳಲಿಲ್ಲ. ಅವನು ಮೊರೆಯಿಟ್ಟುದು ದೇವರ ಬಳಿ. ಅದೂ ಸೌಮ್ಯವಾದ ಮೊರೆಯಲ್ಲ. ಅವರ ನಿಂದೆ ಅವರ ತಲೆಯ ಮೇಲೆಯೇ ತಿರುಗಲಿ ಎಂದು ಬೇಡಿಕೊಂಡನು. ಮನಸ್ಸಿನ ಕಹಿಯನ್ನು ಅಲ್ಲಿ ಇಳಿಸಿದ ಮೇಲೆ ಕೈಗೆ ಕೆಲಸವೇ ಉಳಿಯಿತು. ಅನೇಕರಿಗೆ ತಮ್ಮ ತಮ್ಮ ಮನೆಯೆದುರಿನ ಭಾಗವನ್ನೇ ಕಟ್ಟುವ ಏರ್ಪಾಡಾಗಿತ್ತು. ತನ್ನ ಮಕ್ಕಳು ಮಲಗುವ ಕಡೆಯ ಗೋಡೆಯನ್ನು ಯಾರು ತಾನೆ ಸಡಿಲವಾಗಿ ಕಟ್ಟಿಯಾರು! ಶಲ್ಲೂಮನೆಂಬ ಅಧಿಕಾರಿಯೊಡನೆ ಅವನ ಹೆಣ್ಣುಮಕ್ಕಳೂ ಕಲ್ಲು ಜೋಡಿಸಿದರು. ತೆಕೋವದ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲವೆಂದು ಆ ಗ್ರಂಥವು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದೆ. ಗೋಡೆಯು ಅರ್ಧ ಎತ್ತರಕ್ಕೆ ಬಂದು ಸುತ್ತಲೂ ಕೂಡಿಕೊಂಡಿತು.

ಹೊರಗಿನ ನಗೆಗೆ ಬಗ್ಗದವರು ಒಳಗಿನ ದಣಿವಿಗೆ ಬಗ್ಗುವುದುಂಟು. ಹೊರುವವರ ಶಕ್ತಿ ಕುಂದಿತು, ಕಸವೋ ಮುಗಿಯದಷ್ಟಿದೆ, ಇದು ನಮ್ಮಿಂದಾಗದು ಎಂದು ಕಟ್ಟುವವರೇ ಹೇಳತೊಡಗಿದರು. ವಿರೋಧಿಗಳು ಮೇಲೆ ಬೀಳುವರೆಂಬ ಸುದ್ದಿಯೂ ಹಬ್ಬಿತು. ಆಗ ಅವರು ದೇವರನ್ನು ಪ್ರಾರ್ಥಿಸಿದರು, ಹಗಲಿರುಳು ಕಾವಲನ್ನೂ ಇಟ್ಟರು. ನೆಹೆಮೀಯನ ಆಳುಗಳಲ್ಲಿ ಅರ್ಧ ಮಂದಿ ಈಟಿ ಹಿಡಿದು ನಿಂತರು. ಕಟ್ಟುವವರು ನಡುವಿಗೆ ಕತ್ತಿ ಕಟ್ಟಿಕೊಂಡೇ ಕಟ್ಟಿದರು. ಕಹಳೆಯವನು ನಾಯಕನ ಪಕ್ಕವನ್ನು ಬಿಟ್ಟು ಅಗಲಲಿಲ್ಲ.

ಇಷ್ಟರಲ್ಲಿ ಇನ್ನೊಂದು ಕೂಗು ಎದ್ದಿತು. ಇದು ಹಗೆಯವರ ಕೂಗಲ್ಲ. ಬರಗಾಲದಲ್ಲಿ ಕಾಳಿಗಾಗಿ ಹೊಲ, ತೋಟ, ಮನೆಗಳನ್ನು ಅಡವಿಟ್ಟ ಬಡವರು, ದೊರೆಯ ಕಂದಾಯಕ್ಕೆ ಸಾಲ ಮಾಡಿ ಮಕ್ಕಳನ್ನು ಜೀತಕ್ಕೆ ಕೊಡಬೇಕಾಯಿತೆಂದು ತಮ್ಮವರ ಮೇಲೆಯೇ ದೂರಿಟ್ಟರು. ಒಳಗೆ ಮಕ್ಕಳು ಮಾರಾಟವಾಗುತ್ತಿರುವಾಗ ಹೊರಗೆ ಗೋಡೆ ಏತಕ್ಕೆ? ಸನ್ಬಲ್ಲಟನ ಹಾಸ್ಯಕ್ಕಿಂತ ಈ ಪ್ರಶ್ನೆ ಹರಿತವಾದುದು. ನೆಹೆಮೀಯನು ಸಭೆ ಕೂಡಿಸಿ ಧನಿಕರನ್ನು ಎಲ್ಲರೆದುರಿಗೆ ಖಂಡಿಸಿದನು. ತಾನೂ ತನ್ನ ಬಂಧುಗಳೂ ಹಣ ಧಾನ್ಯಗಳನ್ನು ಸಾಲ ಕೊಟ್ಟಿರುವುದನ್ನು ಒಪ್ಪಿಕೊಂಡು, ಅಡವಿನ ಭೂಮಿಗಳನ್ನು ಅಂದೇ ಹಿಂದಿರುಗಿಸುವಂತೆ ಪ್ರಮಾಣ ಮಾಡಿಸಿದನು. ಅಧಿಪತಿಗೆ ಸಲ್ಲಬೇಕಾದ ಊಟದ ಭತ್ಯವನ್ನು ಅವನು ಹನ್ನೆರಡು ವರ್ಷ ಮುಟ್ಟಲಿಲ್ಲ. ನಗುವವರನ್ನು ಅಲಕ್ಷಿಸುವುದು ಹಟಮಾರಿಗೂ ಸಾಧ್ಯ. ಅಳುವವರ ಮಾತಿಗೆ ಕೆಲಸವನ್ನು ನಿಲ್ಲಿಸಿ ಕಿವಿಗೊಡುವುದು ದೈವಭೀರುವಿಗೇ ಸಾಧ್ಯ. ನಂಬಿಕೆಗೂ ಮೊಂಡುತನಕ್ಕೂ ಇರುವ ಅಂತರ ಈ ಒಂದು ಪ್ರಸಂಗದಲ್ಲಿ ತಿಳಿಯುತ್ತದೆ.

ಹಾಸ್ಯ ಫಲಿಸದಿದ್ದಾಗ ವಿರೋಧಿಗಳು ಸ್ನೇಹದ ವೇಷ ತೊಟ್ಟರು. ಓನೋ ಬಯಲಿನಲ್ಲಿ ಕೂಡಿ ಮಾತನಾಡೋಣವೆಂದು ನಾಲ್ಕು ಬಾರಿ ಕರೆಕಳುಹಿಸಿದರು. ನಾಲ್ಕು ಬಾರಿಯೂ ಬಂದ ಉತ್ತರ ಒಂದೇ: ಕೈಯಲ್ಲಿ ದೊಡ್ಡ ಕೆಲಸವಿದೆ, ಇಳಿದು ಬರಲು ಬಿಡುವಿಲ್ಲ. ಅಂತೂ ಎಲೂಲ್ ಮಾಸದ ೨೫ನೆಯ ದಿನ, ೫೨ ದಿನಗಳ ಕೆಲಸ ಮುಗಿದು, ಗೋಡೆ ಪೂರ್ಣವಾಯಿತು.

ಆ ಗೋಡೆಯನ್ನು ಇಂದು ತೋರಿಸಿರೆಂದರೆ ಮಾರ್ಗದರ್ಶಕರು ತುಸು ತಡವರಿಸುತ್ತಾರೆ. ದಿಣ್ಣೆಯ ಮೇಲಿನ ಒಂದು ಬುರುಜಿನಡಿಯ ಅವಶೇಷಗಳನ್ನು ಆಧರಿಸಿ, ಇದು ನೆಹೆಮೀಯನ ಗೋಡೆಯ ಭಾಗವೆಂದು ೨೦೦೭ರಲ್ಲಿ ಐಲಾತ್ ಮಜಾರ್ ಎಂಬ ಸಂಶೋಧಕಿ ಸಾರಿದಳು. ವಿದ್ವಾಂಸರೆಲ್ಲರೂ ಅದನ್ನು ಒಪ್ಪಿಲ್ಲ. ನಕ್ಕವರ ಹೆಸರಿಗೆ ಮಾತ್ರ ಬೇರೆ ಕಡೆ ಸಾಕ್ಷಿಯುಂಟು. ಈಜಿಪ್ಟಿನ ಎಲಿಫೆಂಟೈನ್ ದ್ವೀಪದಲ್ಲಿ ದೊರೆತ, ಕ್ರಿ. ಪೂ. ೪೦೭ರ ಪಪೈರಸ್ ಪತ್ರವೊಂದು ಸಮಾರ್ಯದ ಅಧಿಪತಿ ಸನ್ಬಲ್ಲಟನನ್ನೂ ಅವನ ಇಬ್ಬರು ಮಕ್ಕಳನ್ನೂ ಹೆಸರಿಸುತ್ತದೆ. ಜೋರ್ಡಾನ್ ದೇಶದ ಇರಾಕ್ ಅಲ್ ಅಮೀರ್ ಎಂಬಲ್ಲಿ ಬಂಡೆಯ ಮೇಲೆ ಟೋಬೀಯ ಎಂಬ ಹೆಸರು ಕೊರೆದಿದೆ. ಅಲ್ಲಿ ಆ ಮನೆತನದವನೊಬ್ಬನು ಕ್ರಿ. ಪೂ. ಎರಡನೆಯ ಶತಮಾನದಲ್ಲಿ ಸಿಂಹಗಳನ್ನು ಕೆತ್ತಿಸಿ ಎಬ್ಬಿಸಿದ ಅರಮನೆಯು ಪೂರ್ಣಗೊಳ್ಳದೆಯೇ ಉಳಿಯಿತೆಂದು ತಿಳಿದವರು ಹೇಳುತ್ತಾರೆ.

ಸುಲೇಮಾನನ ಕೋಟೆಯ ಮೇಲೆ ಈಗ ಪ್ರವಾಸಿಗಳಿಗೆ ನಡೆದಾಡಲು ದಾರಿಯಿದೆ. ಅಲ್ಲಿ ನಡೆಯುವಾಗ ನೆಹೆಮೀಯನ ಗ್ರಂಥದ ಒಂದು ಸಂಗತಿ ನೆನಪಿಗೆ ಬಾರದಿರದು. ಗೋಡೆಯ ಪ್ರತಿಷ್ಠೆಯ ದಿನ ಅವನು ಹಾಡುವವರ ಎರಡು ದೊಡ್ಡ ಗುಂಪುಗಳನ್ನು ಮಾಡಿ, ಒಂದನ್ನು ಬಲಕ್ಕೂ ಒಂದನ್ನು ಎಡಕ್ಕೂ ಕಳುಹಿಸಿದನು. ತಾಳ, ವೀಣೆ, ಕಹಳೆಗಳೊಡನೆ ಜನರೆಲ್ಲ ಎರಡು ಮೆರವಣಿಗೆಯಾಗಿ ಸಾಗಿ ದೇವಾಲಯದಲ್ಲಿ ಕೂಡಿದರು. ಹೆಂಗಸರು ಮಕ್ಕಳ ಹರ್ಷಧ್ವನಿಯು ಬಹು ದೂರದವರೆಗೆ ಕೇಳಿಸಿತಂತೆ. ಆ ಎರಡು ಮೆರವಣಿಗೆಗಳೂ ಸಾಗಿದುದು ಗೋಡೆಯ ಕೆಳಗಲ್ಲ, ಗೋಡೆಯ ಮೇಲೆ.