ಅಳತೆಗೆ ಸಿಗದ ಬೌಲರ್

ನನ್ನ ಸೋದರಮಾವನ ಟೈಲರ್ ಅಂಗಡಿ ಇರುವುದು ಅರಸೀಕೆರೆಯಲ್ಲಿ. ಎರಡು ಹೊಲಿಗೆ ಮೆಷಿನ್ನು, ಉದ್ದನೆಯ ಒಂದು ಬೆಂಚು, ಗೋಡೆಯ ಮೊಳೆಗೆ ನೇತುಹಾಕಿದ ರೇಡಿಯೊ. ನಾನು ಹುಡುಗನಾಗಿದ್ದಾಗ ಆ ಬೆಂಚಿನ ಮೇಲೆ ಬಟ್ಟೆ ಹೊಲಿಸಲು ಬಂದವರಿಗಿಂತ ಕ್ರಿಕೆಟ್ ಮಾತಾಡಲು ಬಂದವರೇ ಹೆಚ್ಚು. ಎಲ್ಲರಿಗಿಂತ ದೊಡ್ಡ ಬೌಲರ್ ಯಾರು ಎಂಬುದು ಅಲ್ಲಿ ತಿಂಗಳಿಗೊಮ್ಮೆಯಾದರೂ ತೀರ್ಮಾನವಾಗುತ್ತಿತ್ತು. ಮರುತಿಂಗಳು ಮತ್ತೆ ಮೊದಲಿನಿಂದ ಶುರು.

ಶೇನ್ ವಾರ್ನ್, ಮುರಳೀಧರನ್, ವಾಸಿಂ ಅಕ್ರಂ ಎಲ್ಲರ ಹೆಸರೂ ಬರುತ್ತಿತ್ತು. ಎಲ್ಲ ಮುಗಿದ ಮೇಲೆ ಮಾವ ಸೂಜಿಗೆ ದಾರ ಪೋಣಿಸುತ್ತಾ, "ಅವರೆಲ್ಲಾ ದೊಡ್ಡೋರೇ, ಇರ್ಲಿ. ಆದ್ರೆ ಚಂದ್ರ ಚಂದ್ರಾನೇ" ಅನ್ನುತ್ತಿದ್ದರು. ನಮ್ಮ ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದವರು. ಭಾರತ ಇಂಗ್ಲೆಂಡ್ ನೆಲದಲ್ಲಿ ಮೊದಲ ಟೆಸ್ಟ್ ಗೆದ್ದದ್ದು, ಮೊದಲ ಸರಣಿ ಗೆದ್ದದ್ದು ಆಗಲೇ. ಮಾವನಿಗೆ ಆಗ ಹದಿನಾರು. ಎಡ್ರಿಚ್ ಸೊನ್ನೆಗೆ ಬೌಲ್ಡ್ ಆದದ್ದನ್ನು ಪಕ್ಕದ ಮನೆಯ ರೇಡಿಯೊದಲ್ಲಿ ಕೇಳಿದ್ದರಂತೆ. ಹೇಳುವಾಗ ಮಾತ್ರ ಓವಲ್‌ನಲ್ಲಿ ಶಾರ್ಟ್‌ಲೆಗ್‌ನಲ್ಲೇ ನಿಂತಿದ್ದವರ ಹಾಗೆ ಹೇಳುತ್ತಿದ್ದರು.

ನಾನು ಕುಂಬ್ಳೆ ಪಕ್ಷ. 1999ರ ಫೆಬ್ರವರಿ 7, ಭಾನುವಾರ. ದೆಹಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟು ಒಬ್ಬರೇ ತೆಗೆದಾಗ ನಾನು ಏಳನೇ ಕ್ಲಾಸು. ಹತ್ತು ವಿಕೆಟ್, 74 ರನ್. ಚೆಂಡನ್ನು ಜಾಸ್ತಿ ತಿರುಗಿಸದ, ಜಾದೂ ಇಲ್ಲದ, ಎಂಜಿನಿಯರಿಂಗ್ ಓದಿದ, ದಿನವಿಡೀ ಬೆವರು ಸುರಿಸುವ ಮನುಷ್ಯ. ಓದಿನಲ್ಲಿ ನಾನೂ ಅಂಥವನೇ. ಬುದ್ಧಿವಂತನಲ್ಲ, ಬಿಡದೆ ಓದುವವನು. ಕುಂಬ್ಳೆ ಗೆದ್ದರೆ ನನ್ನಂಥವರಿಗೂ ಒಂದು ದಾರಿಯಿದೆ ಅನಿಸುತ್ತಿತ್ತು.

ಬೆಂಚಿನ ಮೇಲೆ ಮೂರನೆಯ ಪಕ್ಷವೂ ಇತ್ತು. ಜಾವಗಲ್ ನಮ್ಮದೇ ತಾಲ್ಲೂಕು, ಆದ್ದರಿಂದ ಶ್ರೀನಾಥ್ ನಮ್ಮವರು ಎಂಬುದು ಎದುರಿನ ಹೋಟೆಲಿನವರ ವಾದ. "ಕುಂಬ್ಳೆಗೆ ಒಂಬತ್ತು ವಿಕೆಟ್ ಬಿದ್ದಾಗ, ಹತ್ತನೇದು ತನಗೆ ಸಿಗದೇ ಇರ್ಲಿ ಅಂತ ಶ್ರೀನಾಥ್ ಆಫ್‌ಸ್ಟಂಪ್ ಆಚೆಗೇ ಹಾಕಿದ್ರಲ್ಲ, ಅದು ದೊಡ್ಡ ಬೌಲಿಂಗ್ ಸ್ವಾಮಿ! ವಿಕೆಟ್ ತೆಗೆಯೋದು ಎಲ್ಲಾರಿಗೂ ಬರುತ್ತೆ, ಬಿಡೋದು ಬರಬೇಕು." ಈ ವಾದಕ್ಕೆ ಯಾರ ಬಳಿಯೂ ಉತ್ತರ ಇರುತ್ತಿರಲಿಲ್ಲ. ಎಲ್ಲರಿಗೂ ಟೀ ಬರುತ್ತಿತ್ತು.

2008ರ ನವೆಂಬರ್ 2ರಂದು ಕುಂಬ್ಳೆ ಅದೇ ಕೋಟ್ಲಾದಲ್ಲಿ ನಿವೃತ್ತರಾದರು. ದೀಪಾವಳಿಯ ವಾರ, ನಮ್ಮ ಮನೆ ತುಂಬಾ ನೆಂಟರು. ನಾನು ಎಂಜಿನಿಯರಿಂಗ್ ಕೊನೆಯ ವರ್ಷ, ನಾಲಿಗೆ ಸ್ವಲ್ಪ ಉದ್ದವಾಗಿದ್ದ ಕಾಲ. "132 ಟೆಸ್ಟು, 619 ವಿಕೆಟ್ಟು. ಚಂದ್ರ 242. ಈಗ ಹೇಳಿ ಮಾವ" ಅಂದೆ. ಅವರು ನಕ್ಕು, "ನಿಮ್ಮ ಕುಂಬ್ಳೆ ಸ್ಪಿನ್ನರ್ರೇ ಅಲ್ಲ ಕಣೋ, ನಿಧಾನವಾಗಿ ಹಾಕೋ ಫಾಸ್ಟ್ ಬೌಲರ್" ಅಂದರು. ಎಲ್ಲರೂ ನಕ್ಕರು. ನನಗೆ ಉರಿಯಿತು.

ಒಂದು ವಿಷಯ ಇನ್ನೂ ಹೇಳಿಲ್ಲ. ಚಂದ್ರಶೇಖರ್ ಅವರಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಬಲಗೈ ಸೊರಗಿತ್ತು. ಫೀಲ್ಡಿಂಗ್ ಮಾಡುವಾಗ ಎಡಗೈಯಲ್ಲಿ ಎಸೆಯುತ್ತಿದ್ದರು, ಬೌಲಿಂಗ್ ಮಾತ್ರ ಆ ಸೊರಗಿದ ಕೈಯಲ್ಲೇ. ಮಾವನಿಗೂ ಪೋಲಿಯೊ ಆಗಿತ್ತು, ಬಲಗಾಲಿಗೆ. ಮೆಷಿನ್ನನ್ನು ಎಡಗಾಲಿನಲ್ಲೇ ತುಳಿಯುತ್ತಿದ್ದರು.

"ನಿಮಗೂ ಪೋಲಿಯೊ, ಅವರಿಗೂ ಪೋಲಿಯೊ. ಅದಕ್ಕೇ ನಿಮಗೆ ಚಂದ್ರ. ಇಲ್ಲದಿದ್ರೆ ಇದರಲ್ಲಿ ವಾದ ಮಾಡೋಕೆ ಏನಿದೆ?" ಅಂದುಬಿಟ್ಟೆ.

ಯಾರೂ ನಗಲಿಲ್ಲ. ಮಾವ ತಟ್ಟೆಯಲ್ಲಿದ್ದ ಕಜ್ಜಾಯವನ್ನು ಮುಗಿಸಿ, ಕೈ ತೊಳೆದು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು. ಅಮ್ಮ ಆ ರಾತ್ರಿ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೂ ಮಾವ ಮನೆಗೆ ಬರುತ್ತಿದ್ದರು. ಕೆಲಸ ಸಿಕ್ಕಿತೇ ಎಂದು ಕೇಳುತ್ತಿದ್ದರು, ಬೆಂಗಳೂರಿನ ಬಾಡಿಗೆ ಎಷ್ಟು ಎಂದು ಕೇಳುತ್ತಿದ್ದರು. ಕ್ರಿಕೆಟ್ ಮಾತ್ರ ಎತ್ತುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಐದು ವರ್ಷ ಹಾಗೇ ಕಳೆಯಿತು.

ನನ್ನ ಮದುವೆಯ ಬಟ್ಟೆ ಅವರೇ ಹೊಲಿಯಬೇಕು ಎಂದು ಅಮ್ಮ ಹಟ ಹಿಡಿದಳು. ಅಂಗಡಿಗೆ ಹೋದೆ. ಮಾವ ಎದೆಗೆ ಟೇಪು ಸುತ್ತಿ ಅಳತೆ ಬರೆದುಕೊಳ್ಳುತ್ತಿದ್ದರು. ಮುಖ ಎದುರಿಗಿಲ್ಲದ್ದರಿಂದ ಧೈರ್ಯ ಬಂತು. "ಮಾವ, ಅವತ್ತು ನಾನು ಹಾಗೆ ಅನ್ನಬಾರದಿತ್ತು" ಅಂದೆ.

ಅವರು ಭುಜದ ಅಳತೆ ತೆಗೆದು ಮುಗಿಸಿದರು. "ಕಾಲಿನ ಮಾತಿಗೆ ಬೇಜಾರಿಲ್ಲ ಕಣೋ, ಹುಟ್ಟೂರಲ್ಲಿ ಅದನ್ನ ಅನ್ನದೋರು ಯಾರು? ಅಷ್ಟು ವರ್ಷ ನಾನು ಹೇಳಿದ್ದನ್ನ ನೀನು ಕೇಳೇ ಇಲ್ಲವಲ್ಲ ಅಂತ ಬೇಜಾರು. ಚಂದ್ರನ ಚೆಂಡು ಏನು ಮಾಡುತ್ತೆ ಅಂತ ಚಂದ್ರಂಗೇ ಗೊತ್ತಿರ್ತಿರ್ಲಿಲ್ಲ ಅಂತಾರೆ. ನಾನು ಬೆಳಗಿಂದ ಸಂಜೆವರೆಗೆ ಟೇಪು ಹಿಡಿದು ಬದುಕೋನು. ಅಳತೆಗೆ ಸಿಗದೋನು ಒಬ್ಬನಾದ್ರೂ ಇರ್ಲಿ ಅಂತ ಆಸೆ. ಅಷ್ಟೇ."

ನಾನು ನನ್ನ ಹೊಟ್ಟೆಪಾಡಿನ ಹಾಗಿದ್ದ ಬೌಲರನ್ನು ಆರಿಸಿಕೊಂಡಿದ್ದೆ. ಅವರು ತಮ್ಮ ಹೊಟ್ಟೆಪಾಡಿನಲ್ಲಿ ಇಲ್ಲದ್ದನ್ನು ಆರಿಸಿಕೊಂಡಿದ್ದರು. ನಾನು ಅವರ ಕಾಲನ್ನು ಮಾತ್ರ ನೋಡಿದ್ದೆ.

ಏನಾದರೂ ಹೇಳಬೇಕು ಅನಿಸಿ, ಬಹಳ ದಿನದಿಂದ ಮನಸ್ಸಿನಲ್ಲಿದ್ದ ಲೆಕ್ಕ ಹೇಳಿದೆ. ಒಂದು ವಿಕೆಟ್ಟಿಗೆ ಕೊಟ್ಟ ರನ್ನಿನ ಸರಾಸರಿ ಕುಂಬ್ಳೆಯದು 29.65, ಚಂದ್ರ ಅವರದು 29.74. ಮಾವ ಕನ್ನಡಕದ ಮೇಲಿಂದ ನೋಡಿದರು. "ಇಷ್ಟಕ್ಕಾ ಐದು ವರ್ಷ? ಹೊಲಿಗೆಗೆ ಅಂತ ನಾವು ಬಿಡೋ ಬಟ್ಟೆ ಇದಕ್ಕಿಂತ ಜಾಸ್ತಿ ಇರುತ್ತೆ."

ಈಗ ಮಾವನಿಗೆ ಎಪ್ಪತ್ತು. ಕಳೆದ ಸಲ ನನ್ನ ಅಕ್ಕನ ಮಗನನ್ನು ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅವನದು ಬುಮ್ರಾ ಪಕ್ಷ. "ಇನ್ನೂರು ಟೆಸ್ಟ್ ವಿಕೆಟ್ ಆದಾಗ್ಲೂ ಸರಾಸರಿ ಇಪ್ಪತ್ತರ ಒಳಗೆ. ಬೇರೆ ಯಾರೂ ಇಲ್ಲ" ಅಂದ. ನಾನು ತಡೆಯಲಾರದೆ, 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬಂದ ಕುಂಬ್ಳೆ ಹದಿನಾಲ್ಕು ಓವರ್ ಹಾಕಿದ್ದು, ಲಾರಾ ವಿಕೆಟ್ ತೆಗೆದದ್ದು ಎಲ್ಲಾ ಹೇಳತೊಡಗಿದೆ. ಹುಡುಗ ತಾಳ್ಮೆಯಿಂದ ಕೇಳಿದ. ವಯಸ್ಸಾದವರ ಮಾತು ಕೇಳುವ ಹಾಗೆ.

ಬೆಂಬಲಕ್ಕಾಗಿ ಮಾವನ ಕಡೆ ನೋಡಿದೆ. ಅವರು ಮೆಷಿನ್ ನಿಲ್ಲಿಸಿ, "ಬುಮ್ರಾನಾ? ಅವನ ಕೈ ಬರೋ ರೀತೀನೂ ಯಾವ ಅಳತೆಗೂ ಸಿಗಲ್ಲ ಬಿಡು" ಎಂದು ಹುಡುಗನ ಪಕ್ಷ ಸೇರಿಬಿಟ್ಟರು.

ಬೆಂಚಿನ ಮೇಲೆ ನಾನೊಬ್ಬನೇ ಉಳಿದೆ. ಟೀ ಹೇಳಿದೆ.