ಅಬ್ಬಾರ ಬೀಡಿ ಲೆಕ್ಕ

ನಮ್ಮ ಮನೆಯಲ್ಲಿ ಫಜರ್ ಅಜಾನ್‌ಗಿಂತ ಮೊದಲು ಕೇಳಿಸುತ್ತಿದ್ದುದು ಅಬ್ಬಾರ ಕೆಮ್ಮು. ಅಬ್ಬಾ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. ದಿನಕ್ಕೆ ಒಂದು ಕಟ್ಟು ಬೀಡಿ ಬೇಕೇ ಬೇಕಿತ್ತು. ನಾನು ಚಿಕ್ಕವನಿದ್ದಾಗ ಅದನ್ನು ಅಂಗಡಿಯಿಂದ ತರುತ್ತಿದ್ದವನು ನಾನೇ. ಉಳಿದ ಚಿಲ್ಲರೆಗೆ ಚಾಕೊಲೇಟ್ ಸಿಗುತ್ತಿದ್ದುದರಿಂದ ಖುಷಿಯಿಂದ ಓಡುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕಳೆದ ವರ್ಷ ಕಾಮರ್ಸ್‌ಗೆ ಸೇರಿದ ಮೇಲೆ ಒಂದು ದಿನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಲೆಕ್ಕ ಹಾಕಿದೆ. ಕಟ್ಟಿಗೆ 30 ರೂಪಾಯಿ, ವರ್ಷಕ್ಕೆ 10,950 ರೂಪಾಯಿ. ನನ್ನ ಫೀಸಿಗಾಗಿ ಅಮ್ಮಿ ತಮ್ಮ ಜುಮುಕಿ ಅಡವಿಟ್ಟಿದ್ದೂ ಅದೇ ವರ್ಷ. ಲೆಕ್ಕವನ್ನು ಅಬ್ಬಾರಿಗೆ ತೋರಿಸಿದೆ. ಅವರು ಬೈಯಲಿಲ್ಲ. "ಬಿಡಬೇಕು ಬೇಟಾ, ಆದರೆ ನನ್ನ ಕೈಲಿ ಆಗೋದಿಲ್ಲ" ಎಂದು ಎದ್ದು ಹೊರಗೆ ಹೋದರು.

ಈ ವರ್ಷದ ರಂಜಾನ್‌ನಲ್ಲಿ ಆ ಮಾತು ಮತ್ತೆ ನೆನಪಾಯಿತು. ಸೆಹ್ರಿಯಿಂದ ಇಫ್ತಾರ್‌ವರೆಗೆ ಸುಮಾರು 13 ಗಂಟೆ ಅಬ್ಬಾ ಬೀಡಿ ಮುಟ್ಟುತ್ತಿರಲಿಲ್ಲ. ಆದರೆ ಮಗ್ರಿಬ್ ನಮಾಜ್ ಮುಗಿಸಿ ಹೊರಗೆ ಬಂದ ಕೂಡಲೇ ಹಚ್ಚುತ್ತಿದ್ದರು. ಸೇದುವುದನ್ನು ನಿಲ್ಲಿಸಿದ 12 ಗಂಟೆಗಳಲ್ಲಿ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಸಾಮಾನ್ಯ ಮಟ್ಟಕ್ಕೆ ಇಳಿಯುತ್ತದೆ ಎಂದು ಓದಿದ್ದೆ. ಅಂದರೆ ರಕ್ತ ಸರಿಹೋಗುವ ಹೊತ್ತಿಗೇ ಅಬ್ಬಾ ಮತ್ತೆ ವಿಷ ತುಂಬುತ್ತಿದ್ದರು! ತರಾವೀಹ್ ಮುಗಿಸಿ ಬರುವಾಗ ಧೈರ್ಯ ಮಾಡಿ ಕೇಳಿದೆ: "ಅಬ್ಬಾ, ಹಗಲೆಲ್ಲ ಬಿಟ್ಟಿರಲು ಆಗುತ್ತದೆ, ರಾತ್ರಿ ಯಾಕೆ ಆಗುವುದಿಲ್ಲ?" ಅವರು ಮನೆ ಬರುವವರೆಗೂ ಮಾತಾಡಲಿಲ್ಲ.

ಈದ್‌ನ ಮರುದಿನ ಬೀಡಿ ಕಟ್ಟನ್ನು ನನ್ನ ಕೈಗಿಟ್ಟು, "ಇದರ ಮೇಲೆ ಏನೋ ನಂಬರ್ ಇದೆಯಲ್ಲ, ಹಚ್ಚಿಕೊಡು" ಎಂದರು. ಅದು 1800-11-2356, ತಂಬಾಕು ಬಿಡಲು ನೆರವಾಗುವ ಸರ್ಕಾರದ ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ವಾರ ಬಹಳ ಕಷ್ಟವಾಯಿತು. ತಲೆನೋವು, ನಿದ್ದೆಯಿಲ್ಲ, ಸುಮ್ಮಸುಮ್ಮನೆ ಸಿಟ್ಟು. ಅದು ಅಬ್ಬಾರ ತಪ್ಪಲ್ಲ. ನಿಕೋಟಿನ್‌ಗೆ ಒಗ್ಗಿದ ದೇಹ ಅದನ್ನು ಕೇಳುತ್ತದೆ. ಆಸೆ ಬಂದಾಗ ಕೆಲವು ನಿಮಿಷ ತಡೆದುಕೊಂಡರೆ ಅದು ತಾನೇ ಇಳಿಯುತ್ತದೆ. ಹಾಗಾಗಿ ಅಮ್ಮಿ ಅಬ್ಬಾರ ಜೇಬಿನಲ್ಲಿ ಬೀಡಿಯ ಬದಲು ಏಲಕ್ಕಿ, ಸೋಂಪು ಇಟ್ಟರು. ಚಹಾ ಕುಡಿದರೆ ಬೀಡಿ ನೆನಪಾಗುತ್ತದೆಂದು ಗ್ಯಾರೇಜಿನ ಚಹಾವನ್ನೂ ಅಬ್ಬಾ ನಿಲ್ಲಿಸಿದರು. ಆದರೂ 19ನೇ ದಿನ ಒಂದು ಮದುವೆ ಮನೆಯಲ್ಲಿ ಸೇದಿಬಿಟ್ಟರು. ಮನೆಗೆ ಬಂದು ತಲೆತಗ್ಗಿಸಿ ಹೇಳಿದಾಗ ಅಮ್ಮಿ, "ಪರವಾಗಿಲ್ಲ, ಮತ್ತೆ ಒಂದರಿಂದ ಎಣಿಸೋಣ" ಎಂದರು.

ಈಗ ಮೂರು ತಿಂಗಳಾಯಿತು. ಕೆಮ್ಮು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಬಿಟ್ಟು ಒಂದು ವರ್ಷವಾದರೆ ಹೃದ್ರೋಗದ ಅಪಾಯ ಸೇದುವವರಿಗಿಂತ ಅರ್ಧಕ್ಕೆ ಇಳಿಯುತ್ತದಂತೆ. ನಾವು ಆ ದಿನಕ್ಕಾಗಿ ಕಾಯುತ್ತಿದ್ದೇವೆ.

ಗೆಳೆಯರೇ, ನಮ್ಮಲ್ಲೂ ಕೆಲವರು ಸ್ಟೈಲಿಗೆಂದು ಸಿಗರೇಟು ಹಿಡಿಯುತ್ತಾರೆ. ಅಬ್ಬಾ ಸಹ ಹದಿನಾರನೇ ವಯಸ್ಸಿನಲ್ಲಿ ಹಾಗೆಯೇ ಶುರು ಮಾಡಿದ್ದು. ನಿಮ್ಮ ಮನೆಯಲ್ಲಿ ಯಾರಾದರೂ ಸೇದುತ್ತಿದ್ದರೆ ಹಂಗಿಸಬೇಡಿ, ಜೊತೆಗೆ ನಿಲ್ಲಿ.

ಮೊನ್ನೆ ಪಕ್ಕದ ಮನೆಯ ಮಾಮು ಬೀಡಿ ತರಲು ನನ್ನ ಕೈಗೆ ದುಡ್ಡು ಕೊಟ್ಟರು. "21 ತುಂಬದವರಿಗೆ ಮಾರೋ ಹಾಗಿಲ್ಲ ಮಾಮು" ಎಂದು ದುಡ್ಡು ವಾಪಸ್ ಕೊಟ್ಟೆ. ಜೊತೆಗೆ ಒಂದು ಚೀಟಿಯಲ್ಲಿ ಆ ನಂಬರನ್ನೂ ಬರೆದುಕೊಟ್ಟೆ.