ಬಾರ್ಮೇರ್ ಚಳಿಗೆ ಅಮ್ಮನ ಸ್ವೆಟರ್

ಜನವರಿಯಲ್ಲಿ ರಾಜಸ್ಥಾನದ ಬಾರ್ಮೇರ್‌ಗೆ ಹೋಗಿದ್ದೆ. 2004ರಲ್ಲಿ ಪತ್ತೆಯಾದ ಮಂಗಳಾ ತೈಲಕ್ಷೇತ್ರ ಇರೋದು ಇಲ್ಲೇ, ಥಾರ್ ಮರುಭೂಮಿಯಲ್ಲಿ. ನನ್ನ ತಮ್ಮನಿಗೆ ಈ ಕಡೆಯ ರಿಗ್ ಒಂದರಲ್ಲಿ ನೈಟ್ ಶಿಫ್ಟ್. ಮೇ ತಿಂಗಳಲ್ಲಿ 45 ಡಿಗ್ರಿ ದಾಟೋ ಊರು, ಜನವರಿ ರಾತ್ರಿಯ ಗಾಳಿಗೆ ಹಲ್ಲು ಕಟಕಟ ಅನ್ನುತ್ತೆ.

ಹುಬ್ಬಳ್ಳಿಯಿಂದ ಅಮ್ಮ ಕಳಿಸಿದ್ದ ಸ್ವೆಟರ್ ಕೊಟ್ಟೆ. ತಮ್ಮ ಮೊದಲು ನೋಡಿದ್ದು ಕಾಲರ್ ಒಳಗಿನ ಲೇಬಲ್. "ಅಕ್ಕ, ಇದು ಅಕ್ರಿಲಿಕ್. ರೂಮಲ್ಲಿ ಹಾಕ್ಕೋತೀನಿ, ಸೈಟಿಗೆ ಬೇಡ."

ಕಾರಣ ಕೇಳಿ ಸುಮ್ಮನಾದೆ. ಗ್ಯಾಸ್ ಸೋರಿ ಬೆಂಕಿ ಭಗ್ಗಂದರೆ ಅವನ ಕವರಾಲ್ ಕಪ್ಪಾಗುತ್ತೆ, ಆದರೆ ಉರೀತಾ ಹೋಗಲ್ಲ. ತಪ್ಪಿಸಿಕೊಳ್ಳೋಕೆ ಕೆಲವು ಸೆಕೆಂಡು ಸಿಗುತ್ತೆ. ಒಳಗೆ ಅಕ್ರಿಲಿಕ್, ಪಾಲಿಯೆಸ್ಟರ್ ಇದ್ದರೆ ಅದು ಬಿಸಿಗೆ ಕರಗಿ ಚರ್ಮಕ್ಕೇ ಅಂಟುತ್ತೆ. ಅದಕ್ಕೇ ಚಳಿಗೆ ಒಳಗೆ ಹತ್ತಿ ಬನಿಯನ್, ಮೇಲೆ ಬೆಂಕಿ ತಡೆಯೋ ಜಾಕೆಟ್.

"ಬೇಸಿಗೇಲಿ?"

"ಆಗಲೂ ಜಿಪ್ ಕತ್ತಿನವರೆಗೆ, ತೋಳು ಮಣಿಕಟ್ಟಿನವರೆಗೆ. ಎಷ್ಟೇ ಬೆವರಿದರೂ ಮಡಚೋ ಹಾಗಿಲ್ಲ. ನೀರು ಕುಡೀಬೇಕು, ಆಗಾಗ ನೆರಳಿಗೆ ಹೋಗ್ಬೇಕು, ಅಷ್ಟೇ."

ಸಂಜೆ ಅಮ್ಮ ಫೋನ್ ಮಾಡಿದಳು. "ಸ್ವೆಟರ್ ಹಾಕ್ಕೊಂಡ್ನಾ?"

ಹಾಕ್ಕೊಂಡೇ ಕೂತಿದ್ದ. ಶಿಫ್ಟಿಗೆ ಹೊರಡೋಕೆ ಇನ್ನೂ ಅರ್ಧ ಗಂಟೆ ಇತ್ತು.